ಸ್ಪ್ರಿಂಟ್ ಮುಗಿದರೂ ಕೆಲಸ ಮುಗಿಯದೇಕೆ?

ಪ್ರಶ್ನೆ: ಆರು ಡೆವಲಪರ್‌ಗಳ ಸಾಫ್ಟ್‌ವೇರ್ ತಂಡ, ಎರಡು ವಾರದ ಸ್ಪ್ರಿಂಟ್ (ಕೆಲಸದ ಒಂದು ಸುತ್ತು). ಹಿಂದಿನ ಮೂರರಲ್ಲಿ ಮುಗಿದದ್ದು 31, 24, 29 ಪಾಯಿಂಟ್ (ಕೆಲಸದ ಗಾತ್ರದ ಅಂದಾಜು ಅಳತೆ). ಆದರೂ ಪ್ರತಿ ಸಲ 40 ಇಟ್ಟುಕೊಂಡು, ಉಳಿದದ್ದನ್ನು ಮುಂದಕ್ಕೆ ತಳ್ಳುತ್ತೇವೆ. ಮುಂದಿನ ಸ್ಪ್ರಿಂಟ್‌ನಲ್ಲಿ ದೀಪಾವಳಿಗೆ ಎರಡು ದಿನ ರಜೆ. ಒಬ್ಬರು ಇನ್ನೂ ಮೂರು ದಿನ ಇರುವುದಿಲ್ಲ. ಎಷ್ಟು ಇಟ್ಟುಕೊಳ್ಳಬೇಕು? – ಹುಬ್ಬಳ್ಳಿಯ ಓದುಗರು

ಉತ್ತರ: ಸುಮಾರು 20. ಲೆಕ್ಕ ಹೀಗೆ. ರಜೆಯಿಲ್ಲದ ಸ್ಪ್ರಿಂಟ್‌ನಲ್ಲಿ ಆರು ಜನರ ಹತ್ತು ದಿನ ಎಂದರೆ 60 ಆಳು-ದಿನ. ಪ್ಲಾನಿಂಗ್, ರಿವ್ಯೂ, ರೆಟ್ರೋ, ದಿನದ ಸ್ಟ್ಯಾಂಡಪ್ ಸಭೆಗಳೆಲ್ಲ ಸೇರಿ ತಲೆಗೊಂದು ದಿನ ಹೋಗುತ್ತದೆ, ಉಳಿದದ್ದು 54. ಪ್ರೊಡಕ್ಷನ್ ಸಪೋರ್ಟ್‌ಗೆ ಸರದಿಯ ಮೇಲೆ ಒಬ್ಬರನ್ನು ಬಿಟ್ಟುಕೊಟ್ಟರೆ ಇನ್ನೊಂಬತ್ತು ಕಳೆದು 45. ಈ 45 ದಿನದಲ್ಲಿ ನೀವು ಸರಾಸರಿ 28 ಪಾಯಿಂಟ್ ಮುಗಿಸಿದ್ದೀರಿ. ಈ ಸಲ ಹಬ್ಬಕ್ಕೆ 12, ರಜೆಗೆ 3, ಸಭೆಗಳಿಗೆ 6, ಸಪೋರ್ಟ್‌ಗೆ 7 (ಆ ಒಬ್ಬರ ಎಂಟು ದಿನದಲ್ಲಿ ಸಭೆಗಳ ಒಂದು ದಿನ ಬಿಟ್ಟು) ಕಳೆದರೆ ಉಳಿಯುವುದು 32. ಅದಕ್ಕೆ 28ರ ಪಾಲು 20. ನಿಮ್ಮ ಸಪೋರ್ಟ್ ವ್ಯವಸ್ಥೆ ಬೇರೆಯಿದ್ದರೆ ಆ ಅಂಕಿಯನ್ನಷ್ಟೇ ಬದಲಿಸಿಕೊಳ್ಳಿ.

ಇನ್ನು ಆ 40 ಎಲ್ಲಿಂದ ಬಂತು ಎಂಬುದನ್ನೂ ನೋಡಿ. ಸಾಮಾನ್ಯವಾಗಿ ಅದು ತಂಡದ ಲೆಕ್ಕವಲ್ಲ, ರಿಲೀಸ್ ದಿನಾಂಕದಿಂದ ಹಿಂದಕ್ಕೆ ಭಾಗಿಸಿ ಬಂದ ಸಂಖ್ಯೆ. ಪ್ಲಾನಿಂಗ್ ಸಭೆಯಲ್ಲಿ ಮೌನಂ ಸಮ್ಮತಿ ಲಕ್ಷಣಂ. ಯಾರೂ ಬೇಡ ಎನ್ನದಿದ್ದರೆ 40 ನಿಂತುಬಿಡುತ್ತದೆ.

ಕೆಲಸ ಉಳಿಯಲು ಎರಡನೆಯ ಕಾರಣ ದೊಡ್ಡ ಸ್ಟೋರಿಗಳು, ಅಂದರೆ ಬಳಕೆದಾರರಿಗೆ ಬೇಕಾದ ಒಂದೊಂದು ಸೌಲಭ್ಯದ ಕೆಲಸಗಳು. ಎಂಟನೇ ದಿನ ಕೋಡ್ ಮುಗಿದು, ಎಲ್ಲವೂ ಒಟ್ಟಿಗೆ ಟೆಸ್ಟಿಂಗ್‌ಗೆ ಬಂದು ಬಿದ್ದರೆ ಟೆಸ್ಟರ್ ಏನು ಮಾಡಿಯಾರು? 'ರದ್ದಾದ ಟಿಕೆಟ್‌ನ ಹಣ ಎಲ್ಲಿಗೆ ಬಂತೆಂದು ಪ್ರಯಾಣಿಕರಿಗೆ ತೋರಿಸುವುದು' ಎಂಬ 13 ಪಾಯಿಂಟ್‌ನ ಸ್ಟೋರಿ ಇದೆ ಎನ್ನಿ. ಇದನ್ನು ಡೇಟಾಬೇಸ್, ಎಪಿಐ (ಡೇಟಾಬೇಸ್-ಸ್ಕ್ರೀನ್ ನಡುವಿನ ಕೊಂಡಿ), ಸ್ಕ್ರೀನ್ ಎಂದು ಅಡ್ಡಡ್ಡ ಸೀಳಿದರೆ ಮೂರೂ ಮುಗಿಯುವವರೆಗೆ ಟೆಸ್ಟ್ ಮಾಡಲು ಏನೂ ಇರುವುದಿಲ್ಲ. ಉದ್ದುದ್ದ ಸೀಳಿ: ಮೊದಲು ಯುಪಿಐನಲ್ಲಿ ಕಟ್ಟಿದ, ಪೂರ್ತಿ ರದ್ದಾದ ಟಿಕೆಟ್ ಮಾತ್ರ, ಆಮೇಲೆ ಕಾರ್ಡ್, ಆಮೇಲೆ ನಾಲ್ವರಲ್ಲಿ ಇಬ್ಬರು ಮಾತ್ರ ರದ್ದು ಮಾಡಿದ ಟಿಕೆಟ್, ಕೊನೆಗೆ ಎಸ್ಸೆಮ್ಮೆಸ್. ಮೊದಲ ತುಂಡು ನಾಲ್ಕನೇ ದಿನಕ್ಕೇ ಟೆಸ್ಟರ್ ಕೈಗೆ ಸಿಗುತ್ತದೆ. ಅರ್ಧ ಮುಗಿದ ಸ್ಟೋರಿಗೆ ಅರ್ಧ ಪಾಯಿಂಟ್ ಕೊಡುವ ಅಭ್ಯಾಸವಿದ್ದರೆ ಇಂದೇ ಬಿಡಿ. ಅದು ವೆಲಾಸಿಟಿಯನ್ನು (ಒಂದು ಸ್ಪ್ರಿಂಟ್‌ನಲ್ಲಿ ಮುಗಿಯುವ ಪಾಯಿಂಟ್) ಸುಳ್ಳಾಗಿಸಿ ಮುಂದಿನ ಲೆಕ್ಕವನ್ನೂ ಕೆಡಿಸುತ್ತದೆ.

ಪ್ರಶ್ನೆ: ನಮ್ಮ ಪ್ಲಾನಿಂಗ್ ಸಭೆ ನಾಲ್ಕು ಗಂಟೆ ಎಳೆಯುತ್ತದೆ. 3 ಪಾಯಿಂಟೋ 5 ಪಾಯಿಂಟೋ ಎಂಬ ವಾದದಲ್ಲೇ ಅರ್ಧ ಹೊತ್ತು ಕಳೆಯುತ್ತದೆ. – ಮೈಸೂರಿನ ಓದುಗರು

ಉತ್ತರ: ಹೀಗೆ ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ಸ್ಕ್ರಮ್ ಪದ್ಧತಿಗೆ ಕೆನ್ ಶ್ವೇಬರ್, ಜೆಫ್ ಸದರ್ಲೆಂಡ್ ಬರೆದ ಕೈಪಿಡಿ ಸ್ಕ್ರಮ್ ಗೈಡ್. ಅದು ಒಂದು ತಿಂಗಳ ಸ್ಪ್ರಿಂಟ್‌ಗೆ ಗರಿಷ್ಠ ಎಂಟು ಗಂಟೆ ಕೊಡುತ್ತದೆ. ಎರಡು ವಾರಕ್ಕೆ ನಾಲ್ಕು ಎಂದರೆ ಮಿತಿಯೊಳಗೇ ಇದ್ದೀರಿ. ತೊಂದರೆ ಇರುವುದು ಆ ಹೊತ್ತಿನ ಬಳಕೆಯಲ್ಲಿ. ಅಂದಾಜು ಹಾಕುವ ಕೆಲಸ ಪ್ಲಾನಿಂಗ್‌ಗೆ ಬರುವ ಮುನ್ನವೇ, ಬ್ಯಾಕ್‌ಲಾಗ್ ರಿಫೈನ್‌ಮೆಂಟ್‌ನಲ್ಲಿ (ಬಾಕಿ ಕೆಲಸಗಳ ಪಟ್ಟಿಯನ್ನು ಅಣಿಗೊಳಿಸುವಾಗ) ಮುಗಿದಿರಬೇಕು. ವಾರಕ್ಕೊಂದು ಗಂಟೆ ಇಟ್ಟುಕೊಂಡು, ಮುಂದಿನ ಒಂದೂವರೆ-ಎರಡು ಸ್ಪ್ರಿಂಟ್‌ಗಾಗುವಷ್ಟು ಸ್ಟೋರಿ ಸಿದ್ಧವಿರುವಂತೆ ನೋಡಿಕೊಳ್ಳಿ.

ಜೇಮ್ಸ್ ಗ್ರೆನಿಂಗ್ 2002ರಲ್ಲಿ ಬರೆದು ತೋರಿಸಿದ ಪ್ಲಾನಿಂಗ್ ಪೋಕರ್‌ನಲ್ಲಿ ಎಲ್ಲರೂ ತಮ್ಮ ಅಂದಾಜಿನ ಕಾರ್ಡನ್ನು ಒಂದೇ ಸಲ ತಿರುಗಿಸುತ್ತಾರೆ. ಇಲ್ಲದಿದ್ದರೆ ಹಿರಿಯರೊಬ್ಬರು 'ಇದು 3' ಎಂದ ಮೇಲೆ ಹೊಸಬರ ಬಾಯಿಂದ 8 ಬರುವುದಿಲ್ಲ. 2 ತೋರಿಸಿದವರು, 8 ತೋರಿಸಿದವರು ಇಬ್ಬರೇ ಕಾರಣ ಹೇಳಲಿ. 8 ಎಂದವರಿಗೆ ಹಳೆಯ ಪೇಮೆಂಟ್ ಕೋಡ್‌ನ ಹುಳುಕು ಗೊತ್ತಿದ್ದೀತು. ಎರಡು ಸುತ್ತಾದರೂ 3-5 ಎಂದು ಉಳಿದರೆ 5 ಬರೆದು ಮುಂದೆ ಹೋಗಿ. ಆ ವ್ಯತ್ಯಾಸ ಇಪ್ಪತ್ತು ನಿಮಿಷದ ವಾದಕ್ಕೆ ಯೋಗ್ಯವಲ್ಲ. 3-13 ಎಂದಾದರೆ ಮಾತ್ರ ಸ್ಟೋರಿ ಯಾರಿಗೂ ಅರ್ಥವಾಗಿಲ್ಲ. ಅದನ್ನು ಹೊರಗಿಟ್ಟು, ಒಂದು ದಿನದ ಸ್ಪೈಕ್ (ಹುಡುಕಿ ನೋಡುವ ಪುಟ್ಟ ಕೆಲಸ) ಹಾಕಿ ತಿಳಿದುಕೊಳ್ಳಿ.

ಹೀಗೆ ಉಳಿದ ಹೊತ್ತನ್ನು ಸ್ಪ್ರಿಂಟ್ ಗೋಲ್‌ಗೆ ಕೊಡಿ. 'ಬ್ಯಾಕ್‌ಲಾಗ್‌ನ ಮೇಲಿನ ಒಂಬತ್ತು ಸ್ಟೋರಿ ಮುಗಿಸುವುದು' ಗೋಲ್ ಅಲ್ಲ. 'ಯುಪಿಐ ಪ್ರಯಾಣಿಕರು ರಿಫಂಡ್‌ಗಾಗಿ ಕಾಲ್‌ಸೆಂಟರ್‌ಗೆ ಫೋನ್ ಮಾಡಬೇಕಾಗಬಾರದು' ಎಂದರೆ, ಸಮಯ ಸಾಲದಾಗ ಯಾವ ಸ್ಟೋರಿ ಬಿಡಬಹುದೆಂದು ತಾನಾಗಿಯೇ ಗೊತ್ತಾಗುತ್ತದೆ.

ಪ್ರಶ್ನೆ: ಪಕ್ಕದ ತಂಡದ ವೆಲಾಸಿಟಿ 60, ನಮ್ಮದು 30. ಮ್ಯಾನೇಜರ್ ಕಾರಣ ಕೇಳುತ್ತಿದ್ದಾರೆ. – ಬೆಂಗಳೂರಿನ ಓದುಗರು

ಉತ್ತರ: ಅವರ 5 ನಿಮ್ಮ 2 ಇರಬಹುದು. ಪಾಯಿಂಟ್ ಆಯಾ ತಂಡದೊಳಗಿನ ಅಳತೆ. ಸ್ಕ್ರಮ್ ಗೈಡ್‌ನಲ್ಲಂತೂ ಸ್ಟೋರಿ ಪಾಯಿಂಟ್, ವೆಲಾಸಿಟಿ ಎಂಬ ಮಾತುಗಳೇ ಇಲ್ಲ. ಒತ್ತಡ ಹೆಚ್ಚಿದರೆ ನಿಮ್ಮ 3ಗಳೂ 5 ಆಗುತ್ತವೆ, ಕೆಲಸ ಅಷ್ಟೇ ಇರುತ್ತದೆ. ಸ್ಟೋರಿ ಕೈಗೆತ್ತಿಕೊಂಡ ದಿನದಿಂದ ಗ್ರಾಹಕರಿಗೆ ತಲುಪಿದ ದಿನದವರೆಗಿನ ಲೆಕ್ಕ ಕೊಡಿ. ಮ್ಯಾನೇಜರ್‌ಗೆ ಉಪಯೋಗಕ್ಕೆ ಬರುವುದು ಅದು.

ಪ್ರಶ್ನೆ: ಸ್ಪ್ರಿಂಟ್ ನಡುವೆ ತುರ್ತು ಕೆಲಸ ಬಂದರೆ? – ಮಂಗಳೂರಿನ ಓದುಗರು

ಉತ್ತರ: ಸರ್ವರ್ ಬಿದ್ದಿದ್ದರೆ ಚರ್ಚೆ ಬೇಡ, ಸಪೋರ್ಟ್ ಸರದಿಯವರು ಹಿಡಿಯಲಿ. ಉಳಿದ 'ತುರ್ತು'ಗಳಲ್ಲಿ ಬಹುಪಾಲು ಮುಂದಿನ ಸ್ಪ್ರಿಂಟ್‌ವರೆಗೆ ಕಾಯುತ್ತವೆ. ಕಾಯುವುದಿಲ್ಲ ಎಂದಾದರೆ, ಇನ್ನೂ ಶುರುವಾಗದ ಅಷ್ಟೇ ಗಾತ್ರದ ಸ್ಟೋರಿಯೊಂದನ್ನು ಪ್ರಾಡಕ್ಟ್ ಓನರ್ (ಯಾವ ಕೆಲಸ ಮೊದಲು ಎಂದು ತೀರ್ಮಾನಿಸುವವರು) ಜೊತೆ ಕೂತು ಹೊರಗಿಡಿ. ಅರ್ಧ ಆಗಿರುವುದನ್ನು ಮುಟ್ಟಬೇಡಿ.