ಅಣ್ಣಿಗೇರಿ ಕಡೆ ಹಳೇ ಹತ್ತಿ ಜಿನ್ನುಗಳು ಯಾಕಿವೆ? ಅಲ್ಲಿ ದುಡಿದವರು ಯಾರು?

ಗದಗಿಗೆ ರೈಲಿನಲ್ಲಿ ಹೋಗುವಾಗ ಅಣ್ಣಿಗೇರಿ ಹತ್ತಿರ ತಗಡಿನ ಹಳೇ ಕಟ್ಟಡ ಕಂಡು ಕೇಳಿದ್ದೀರಿ. ನಮ್ಮವ್ವ ಆ ಸೀಮೆಯ ಒಂದು ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಕಾಳು ಬಿಡಿಸುವ ಗಿರಣಿಯಲ್ಲಿ, ಹದಿನೆಂಟು ವರ್ಷ ದುಡಿದವಳು. ಅದಕ್ಕೇ ಬರೆಯುತ್ತಿದ್ದೇನೆ.

ಗಿರಣಿಗಿಂತ ಮೊದಲು ಬಂದದ್ದು ಬೀಜ. ನಮ್ಮ ಎರೆ ಹೊಲದಲ್ಲಿ ಜವಾರಿ ಹತ್ತಿ ಹಿಂದಿನಿಂದಲೂ ಇತ್ತು. ಕುಮಟಾ ಬಂದರಿನಿಂದ ಹೋಗುತ್ತಿದ್ದರಿಂದ ವ್ಯಾಪಾರಿಗಳು ಅದಕ್ಕೆ ‘ಕುಮಟಾ’ ಅಂತಲೇ ಅನ್ನುತ್ತಿದ್ದರು. ಕಾಳು ಬಿಡಿಸುತ್ತಿದ್ದವರು ಹೆಣ್ಣುಮಕ್ಕಳು. ಒಂದು ಚಪ್ಪಟೆ ಕಲ್ಲು, ಮೇಲೊಂದು ಕಬ್ಬಿಣದ ಸರಳು. ಕಾಲಿನಿಂದ ಸರಳು ಉರುಳಿಸುತ್ತಾ ಕೈಯಿಂದ ಹತ್ತಿ ಕೊಡಬೇಕು. ಕಾಳು ಮುಂದೆ ಜಾರುತ್ತದೆ, ಅರಳೆ, ಅಂದರೆ ಕಾಳು ಬಿಟ್ಟ ಹತ್ತಿ, ಸರಳಿನಡಿ ಹಿಂದಕ್ಕೆ ಹೋಗುತ್ತದೆ.

1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ಬೀಜ ತರಿಸಿ ಹುಬ್ಬಳ್ಳಿ ಪಕ್ಕದ ಕುಸುಗಲ್ಲಿನಲ್ಲಿ ಬೆಳೆಸಿ ನೋಡಿತು. ಅದು ಈ ಮಣ್ಣಿಗೆ ಒಗ್ಗಿತು, ‘ಧಾರವಾಡ-ಅಮೆರಿಕನ್’ ಅಂತ ಹೆಸರೂ ಆಯಿತು. ಆದರೆ ಅದರ ಕಾಳಿಗೆ ಅರಳೆ ಬಿಗಿಯಾಗಿ ಅಂಟಿರುತ್ತದೆ, ಕಾಲಿನ ಸರಳಿಗೆ ಜಗ್ಗುವುದಿಲ್ಲ. ಗರಗಸದ ಹಲ್ಲಿನ ಯಂತ್ರವೇ ಬೇಕಾಯಿತು. 1861ರಲ್ಲಿ ಅಮೆರಿಕದಲ್ಲಿ ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಸಿಗದಂತಾದಾಗ ಇಲ್ಲಿನ ಹತ್ತಿಗೆ ಬೆಲೆ ಏರಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಬಂತು. ಚಕ್ಕಡಿ ಮೇಲೆ ಘಟ್ಟ ಇಳಿಯುತ್ತಿದ್ದ ಹತ್ತಿ ವ್ಯಾಗನ್ ಹತ್ತಿತು. ಜಿನ್ನು, ಅರಳೆ ಒತ್ತಿ ಬೇಲು ಕಟ್ಟುವ ಪ್ರೆಸ್ಸುಗಳು ಸ್ಟೇಷನ್ನಿನ ಸಮೀಪ ಬೇರೂರಿದ್ದು ಇದಕ್ಕೇ.

ಇನ್ನು ದುಡಿದವರು. ಸುತ್ತಲ ಹಳ್ಳಿಗಳ ಹೊಲವಿಲ್ಲದ ಜನ. ಹಂಗಾಮು ಫೆಬ್ರವರಿಯಿಂದ ಮಳೆ ಹಿಡಿಯುವ ತನಕ. ಹಂಗಾಮಿಗೆ ಬಂದವರು ಕೆಲವರು ವಾಪಸ್ ಹೋಗಲೇ ಇಲ್ಲ. ಹೀಗೆ ಜಿನ್ನಿನ ಬೆನ್ನಿಗೆ ಒಂದು ಓಣಿ ಬೆಳೆಯಿತು. ಗಂಡಸರು ಹತ್ತಿ ತುಂಬಿದ ದೊಡ್ಡ ಚೀಲ, ಅಂಡಿಗೆ, ಹೊರುತ್ತಿದ್ದರು, ಪ್ರೆಸ್ಸು ನೋಡಿಕೊಳ್ಳುತ್ತಿದ್ದರು. ಅವ್ವನ ಕಾಲಕ್ಕೆ ತೊಗಲಿನ ರೋಲರ್ ಯಂತ್ರಗಳಿದ್ದವು. ಅವಕ್ಕೆ ಹತ್ತಿ ಉಣಿಸುವ ಕೆಲಸ ಮತ್ತೆ ಹೆಂಗಸರದ್ದೇ. ಉಗಿ ಬಂತು, ಕರೆಂಟು ಬಂತು, ಆ ಕೈ ಮಾತ್ರ ಬದಲಾಗಲಿಲ್ಲ. ನೂರು ಕಿಲೊ ಹಾಕಿದರೆ ಅರಳೆ ಮೂವತ್ತು ಚಿಲ್ಲರೆ ಕಿಲೊ. ಉಳಿದದ್ದು ಬಹುಪಾಲು ಕಾಳು, ಎಮ್ಮೆಗಳಿಗೆ.

ಸಂಜೆ ಜಿನ್ನಿನ ಭೋಂಗಾ (ಸೈರನ್) ಆದ ಮೇಲೆ ಅವ್ವ ಬರುತ್ತಿದ್ದಳು. ತಲೆ, ಹುಬ್ಬು ಎಲ್ಲಾ ಬಿಳಿ. ತಂಗಿ ಅವಳ ಕೂದಲಿನಿಂದ ಅರಳೆ ಹೆಕ್ಕಿ ತೊಡೆ ಮೇಲೆ ಹೊಸೆದು ದೀಪಕ್ಕೆ ಬತ್ತಿ ಮಾಡುತ್ತಿದ್ದಳು. ಮೂಗಿಗೆ ಸೆರಗು ಕಟ್ಟಿದರೂ ಧೂಳು ಬಿಡುತ್ತಿರಲಿಲ್ಲ. ರಾತ್ರಿಯೆಲ್ಲಾ ಕೆಮ್ಮು. ಅದಕ್ಕೊಂದು ಮಾಸ್ಕನ್ನೂ ಯಾರೂ ಕೊಡಲಿಲ್ಲ. ಆ ನೋವು ನನಗೆ ಈಗಲೂ ಇದೆ.

ಆಮೇಲೆ ರೈತರು ಗೋವಿನಜೋಳ, ಉಳ್ಳಾಗಡ್ಡಿ ಜಾಸ್ತಿ ಹಾಕತೊಡಗಿದರು. ಅವ್ವನ ಜಿನ್ನು ನಿಂತಿತು. ಅವಳ ಅಜ್ಜಿ ಸರಳು ಉರುಳಿಸುತ್ತಿದ್ದ ಕಲ್ಲು ನಮ್ಮ ಹಿತ್ತಲಲ್ಲಿದೆ. ನಡುವೆ ನುಣ್ಣಗೆ ಸವೆದಿದೆ. ಅವ್ವ ದಿನಾ ಅದರ ಮೇಲೇ ಬಟ್ಟೆ ಒಗೆಯುತ್ತಾಳೆ.