ಹುಳುವಿಗೆ ಹಾಕಿದ್ದೆಲ್ಲ ಕೋಳಿಗೆ ಸೇರುವುದೇ?

ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ‘ರೇಷ್ಮೆ ಕಡಿಮೆ ಮಾಡಿ ನಾಟಿ ಕೋಳಿ ಸಾಕುತ್ತಿದ್ದೇನೆ. ಹೋಟೆಲು, ಕಲ್ಯಾಣ ಮಂಟಪಗಳಲ್ಲಿ ಉಳಿದ ಊಟ ತಂದು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳು ಬೆಳೆಸಿ ಕೋಳಿಗಳಿಗೆ ಹಾಕುತ್ತೇನೆ. ಬೇಸಿಗೆಯಿಂದ ಮೊಟ್ಟೆಯ ಸಿಪ್ಪೆ ತೆಳುವಾಗಿದೆ. ಹಸುವಿಗೆ ಕೊಡುವ ಖನಿಜ ಮಿಶ್ರಣವನ್ನು ಹುಳುವಿನ ಆಹಾರಕ್ಕೆ ಬೆರೆಸಿದರೆ ಹುಳುವೇ ಖನಿಜದ ಗುಳಿಗೆಯಾಗುತ್ತದೆ ಎಂದು ಸ್ನೇಹಿತರೊಬ್ಬರು ಹೇಳಿದರು. ಒಂದು ಬಕೆಟ್ಟಿಗೆ ಎಷ್ಟು ಚಮಚ ಹಾಕಬೇಕು? ಆ ಹುಳುವನ್ನು ಮರಿಗಳಿಗೂ ಕೊಡಬಹುದೇ?’

ಸಂಪಾದಕರ ಉತ್ತರ:

ಮಾನ್ಯರೇ, ಒಂದು ಚಮಚವೂ ಬೇಡ. ಕಾರಣ ಹೇಳದೆ ಬೇಡ ಎನ್ನುವುದು ತಮ್ಮಂಥ ಅನುಭವಿಗಳಿಗೆ ಮಾಡುವ ಅಗೌರವ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ತಮ್ಮ ಸ್ನೇಹಿತರ ಮಾತು ಪೂರ್ತಿ ಸುಳ್ಳಲ್ಲ. ಹುಳು ತಿಂದದ್ದರ ಗುಣ ಅದರ ಮೈಯಲ್ಲಿ ಕಾಣಿಸುತ್ತದೆ. ಆದರೆ ಪ್ರತಿ ಖನಿಜದ ದಾರಿಯೂ ಬೇರೆ. ಕೆಲವನ್ನು ಹುಳು ಕೂಡಿಡುತ್ತದೆ, ಕೆಲವನ್ನು ಬೇಕಾದಷ್ಟೇ ಇಟ್ಟುಕೊಂಡು ಉಳಿದದ್ದನ್ನು ಹಿಕ್ಕೆಯಲ್ಲಿ ಹೊರಹಾಕುತ್ತದೆ.

ತಮಗೆ ಬೇಕಾಗಿರುವುದು ಕ್ಯಾಲ್ಸಿಯಂ. ಸಾಕುವ ಹುಳುಗಳಲ್ಲಿ ಹೆಚ್ಚಿನವುಗಳಿಗೆ ಕ್ಯಾಲ್ಸಿಯಂ ಕಡಿಮೆ, ರಂಜಕ ಹೆಚ್ಚು. ಈ ನೊಣದ ಮರಿಹುಳು ಹಾಗಲ್ಲ. ಅದು ಕ್ಯಾಲ್ಸಿಯಂ ಕಾರ್ಬೊನೇಟನ್ನು, ಅಂದರೆ ಸುಣ್ಣದಕಲ್ಲಿನ ದ್ರವ್ಯವನ್ನೇ, ತನ್ನ ಚರ್ಮದಲ್ಲಿ ಸೇರಿಸಿಕೊಳ್ಳುತ್ತದೆ. ತಿಂದ ಆಹಾರದಲ್ಲಿ ಸಾಕಷ್ಟಿದ್ದರೆ ಒಣಗಿದ ಹುಳುವಿನ ತೂಕದಲ್ಲಿ ಶೇ 5ಕ್ಕೂ ಹೆಚ್ಚು ಕ್ಯಾಲ್ಸಿಯಂ ಸಿಗುವುದುಂಟು. ತಮ್ಮ ಹುಳುಗಳಿಗೆ ಆ ‘ಸಾಕಷ್ಟು’ ಸಿಗುತ್ತಿರಲಾರದು. ಕಲ್ಯಾಣ ಮಂಟಪದಿಂದ ಬರುವುದು ಬಹುಪಾಲು ಬಿಳಿ ಅನ್ನ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಅಷ್ಟೇ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು. ಅನ್ನ ತಿಂದ ಹುಳು ಕೊಬ್ಬುತ್ತದೆ, ಸುಣ್ಣ ಕಟ್ಟುವುದಿಲ್ಲ.

ಅದಕ್ಕೆ ಬೇಕಾದ ಔಷಧಿಯೂ ಆಹಾರದ ಕಸದಲ್ಲೇ ಇದೆ. ಎಗ್ ರೈಸ್ ಗಾಡಿಯವರು ದಿನವೂ ಚೀಲಗಟ್ಟಲೆ ಮೊಟ್ಟೆ ಸಿಪ್ಪೆ ಎಸೆಯುತ್ತಾರೆ. ಒಂದು ಸಿಪ್ಪೆಯಲ್ಲಿ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದನ್ನು ತೊಳೆದು, ಕುದಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿ ಹುಳುವಿನ ಆಹಾರಕ್ಕೆ ಬೆರೆಸಿ. ಕುದಿಸುವುದನ್ನು ಮಾತ್ರ ತಪ್ಪಿಸಬೇಡಿ. ಸಾಲ್ಮೊನೆಲ್ಲಾ ಸೋಂಕು ಸಿಪ್ಪೆಯ ಮೇಲೆಯೇ ಕೂತಿರುತ್ತದೆ. ಇನ್ನೊಂದು ಮಾತು ರೇಷ್ಮೆ ಸಾಕಿದ ತಮಗೆ ಬೇಗ ಹಿಡಿಸುತ್ತದೆ. ಹಣ್ಣಾದ ಹುಳುವಿನ ಮೈಬಣ್ಣ ನೋಡಿ ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಡುವ ಹೊತ್ತು ಹೇಳುತ್ತೀರಲ್ಲ, ಈ ಹುಳುವಿಗೂ ಅಂಥದೊಂದು ಹೊತ್ತಿದೆ. ಬಿಳಿಯಾಗಿದ್ದದ್ದು ಕಪ್ಪು ಕಂದು ಬಣ್ಣಕ್ಕೆ ತಿರುಗಿ, ಮೇವು ಬಿಟ್ಟು, ತೊಟ್ಟಿಯಿಂದ ತಾನೇ ಹತ್ತಿ ಹೊರಬರುತ್ತದೆ. ಸಿಪ್ಪೆ ಗಟ್ಟಿಯಾಗಬೇಕಾದ ಕೋಳಿಗೆ ಈ ಹಂತದ ಹುಳು ಒಳ್ಳೆಯದು. ಅದರ ಹೊಟ್ಟೆಯೂ ಆಗ ಖಾಲಿಯಾಗಿರುತ್ತದೆ. ಬಿಳಿ ಹುಳುವನ್ನು ಪರೀಕ್ಷೆಗೆ ಕಳಿಸಿ ಖನಿಜ ಹೆಚ್ಚಿದೆ ಎಂದು ಸಂತೋಷಪಡುವವರು ಎಷ್ಟೋ ಸಲ ಅಳೆದಿರುವುದು ಅದರ ಕರುಳಿನಲ್ಲಿ ಉಳಿದ ಮೇವನ್ನು.

ಇನ್ನು ಖನಿಜ ಮಿಶ್ರಣದ ಸತುವಿನ ವಿಷಯ. ಸ್ವಿಟ್ಜರ್ಲೆಂಡಿನ ಸಂಶೋಧಕರು ಈ ಹುಳುಗಳ ಮೇವಿಗೆ ಸತು, ಸೀಸ, ಕ್ಯಾಡ್ಮಿಯಂಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಸೇರಿಸಿ ನೋಡಿ, ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಮೇವಿನಲ್ಲಿ ಸತು ಕಡಿಮೆ ಇದ್ದಾಗ ಹುಳುವಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು (ಮೇವಿನ 0.97 ಪಟ್ಟು). ಸತು ಹೆಚ್ಚಿಸುತ್ತಾ ಹೋದಂತೆ ಆ ಅನುಪಾತ 0.39ಕ್ಕೆ ಇಳಿಯಿತು. ಹುಳು ‘ಸಾಕು’ ಎಂದಿತು. ತಾವು ದುಡ್ಡು ಕೊಟ್ಟು ತಂದ ಸತುವಿನ ಹೆಚ್ಚಿನ ಪಾಲು ಹಿಕ್ಕೆಗೆ, ಅಲ್ಲಿಂದ ಹೊಲಕ್ಕೆ ಹೋಗುತ್ತದೆ. ಕೋಳಿಗೆ ಸತು ಬೇಕಿದ್ದರೆ ಕೋಳಿಯ ಮೇವಿಗೇ ಬೆರೆಸುವುದು ಸರಿ.

ಅದೇ ಅಧ್ಯಯನದ ಇನ್ನೊಂದು ಅಂಕಿ ನನ್ನನ್ನು ನಿಜವಾಗಿ ಕಾಡುತ್ತದೆ. ಸೀಸ ಹುಳುವಿನಲ್ಲಿ ಮೇವಿಗಿಂತ ಬಹಳ ಕಡಿಮೆಯೇ ಉಳಿಯಿತು. ಕ್ಯಾಡ್ಮಿಯಂ ಮಾತ್ರ ಮೇವಿನಲ್ಲಿದ್ದುದಕ್ಕಿಂತ 2.3ರಿಂದ 2.9 ಪಟ್ಟು ಹೆಚ್ಚಾಗಿ ಹುಳುವಿನಲ್ಲಿ ಸೇರಿಕೊಂಡಿತು. ನಾವು ಬಯಸುವ ಸತುವಿಗೆ ಬಾಗಿಲು ಅರ್ಧ ಮುಚ್ಚುವ ಹುಳು, ಮೂತ್ರಪಿಂಡ ಕೆಡಿಸುವ ಕ್ಯಾಡ್ಮಿಯಂಗೆ ಪೂರ್ತಿ ತೆರೆಯುತ್ತದೆ. ನಾರ್ವೆಯಲ್ಲಿ ಕಂದು ಕಡಲಪಾಚಿ ತಿನ್ನಿಸಿ ಹುಳುವಿನಲ್ಲಿ ಅಯೋಡಿನ್ ಮತ್ತು ಒಮೆಗಾ-3 ಹೆಚ್ಚಿಸಿದರು. ಅಯೋಡಿನ್ ಬಂತು, ಅದರ ಜೊತೆಗೇ ಕ್ಯಾಡ್ಮಿಯಂ ಮತ್ತು ಆರ್ಸೆನಿಕ್ ಕೂಡ ಬಂದವು. ಪಾಚಿ ಅರ್ಧ ಪಾಲಿಗಿಂತ ಹೆಚ್ಚಾದಾಗ ಹುಳುವಿನ ಬೆಳವಣಿಗೆಯೂ ಕುಗ್ಗಿತು. ಅಡುಗೆಮನೆ ಮತ್ತು ಹೋಟೆಲುಗಳ ಕಸವನ್ನು ಸಾಕಣೆಯ ಹುಳುಗಳಿಗೆ ಹಾಕಲು ಯುರೋಪಿನ ಒಕ್ಕೂಟ ಬಿಡುವುದಿಲ್ಲ. ನಾವು ಹಾಕುತ್ತಿದ್ದೇವೆ. ಹಾಗಾದರೆ ಎಚ್ಚರದ ಹೊಣೆಯೂ ನಮ್ಮದೇ. ಬೆರಕೆ ಕಸ ತರಬೇಡಿ; ಅದರಲ್ಲಿ ಬ್ಯಾಟರಿ, ಬಣ್ಣದ ಚೂರು ಏನಾದರೂ ಇರಬಹುದು. ಕಾರ್ಖಾನೆಯ ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿನ ಕಸವನ್ನೂ ದೂರವಿಡಿ. ಸೊಪ್ಪು ಕ್ಯಾಡ್ಮಿಯಂ ಅನ್ನು ಸುಲಭವಾಗಿ ಹೀರುತ್ತದೆ. ಉಪ್ಪಿನಕಾಯಿ, ಹಪ್ಪಳಗಳನ್ನು ಆರಿಸಿ ತೆಗೆಯಿರಿ. ಉಪ್ಪು ಹೆಚ್ಚಾದರೆ ಕೋಳಿ ನೀರು ನೀರಾಗಿ ಹಿಕ್ಕೆ ಹಾಕುತ್ತದೆ.

ಮರಿಗಳ ಪ್ರಶ್ನೆಗೆ ಬರುತ್ತೇನೆ. ಮೊಟ್ಟೆಯಿಡುವ ಕೋಳಿಯ ಮೇವಿನಲ್ಲಿ ಶೇ 3.5ರಿಂದ 4ರಷ್ಟು ಕ್ಯಾಲ್ಸಿಯಂ ಬೇಕು. ಬೆಳೆಯುವ ಮರಿಗೆ ಶೇ 1ರ ಆಸುಪಾಸು ಸಾಕು. ಅದಕ್ಕಿಂತ ಬಹಳ ಹೆಚ್ಚು ದಿನವೂ ಹೊಟ್ಟೆಗೆ ಹೋದರೆ ಮರಿಯ ಮೂತ್ರಪಿಂಡ ಹಾಳಾಗುತ್ತದೆ. ಸಿಪ್ಪೆ ಪುಡಿ ತಿಂದ ಹುಳು ಮರಿಗಳಿಗೆ ಬೇಡವೇ ಬೇಡ. ಎರಡು ತೊಟ್ಟಿ ಮಾಡಿ: ಪುಡಿ ಬೆರೆಸಿದ್ದು ಮೊಟ್ಟೆ ಕೋಳಿಗೆ, ಬೆರೆಸದ್ದು ಮರಿಗೆ. ತೊಟ್ಟಿಯ ಮೇಲೆ ಸುಣ್ಣದಲ್ಲಿ ಗುರುತು ಹಾಕಿದರೆ ತಾವು ಊರಿನಲ್ಲಿಲ್ಲದ ದಿನವೂ ಮನೆಯವರು ತಪ್ಪುವುದಿಲ್ಲ.

ಸಿಪ್ಪೆ ತೆಳುವಾದದ್ದು ಬೇಸಿಗೆಯಲ್ಲಿ ಎಂದು ಬರೆದಿದ್ದೀರಿ. ಅದನ್ನು ಹಗುರವಾಗಿ ಬಿಡಬೇಡಿ. ಸೆಕೆಗೆ ಕೋಳಿ ಬಾಯಿ ತೆರೆದು ಏದುಸಿರು ಬಿಡುವಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಸಿಪ್ಪೆ ಕಟ್ಟಲು ಬೇಕಾದ ಕಾರ್ಬೊನೇಟ್ ಬರುವುದು ಅದರಿಂದಲೇ. ಮೊದಲು ಗೂಡಿಗೆ ನೆರಳು, ತಣ್ಣೀರು ಹೆಚ್ಚಿಸಿ. ಒಂದು ಮೂಲೆಯಲ್ಲಿ ಕಪ್ಪೆಚಿಪ್ಪಿನ ಚೂರು ಪ್ರತ್ಯೇಕವಾಗಿಡಿ. ಬೇಕಾದ ಕೋಳಿ ತಾನೇ ಹೆಕ್ಕುತ್ತದೆ. ಸಿಪ್ಪೆ ಪುಡಿಯ ಹುಳುವನ್ನು ಹಾಕಲು ಶುರು ಮಾಡಿದ ದಿನಾಂಕ ಬರೆದಿಟ್ಟುಕೊಂಡು, ವಾರಕ್ಕೊಮ್ಮೆ ಹತ್ತು ಮೊಟ್ಟೆಗಳ ಸಿಪ್ಪೆಯನ್ನು ಒಣಗಿಸಿ ತೂಗಿ. ಎಂಟು ವಾರದ ಲೆಕ್ಕವನ್ನು ನಮಗೆ ಕಳಿಸಿ. ಅದನ್ನು ಇದೇ ಪುಟದಲ್ಲಿ ಪೂರ್ತಿಯಾಗಿ ಅಚ್ಚು ಹಾಕುತ್ತೇನೆ.