ಬೇಡ ಅಂದ ಸೈಟಿನ ರೇಟು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಿ ನನ್ನ ಬಳಿ ಬಂದ ಅವರು ಹೈಸ್ಕೂಲ್ ಮೇಷ್ಟ್ರು, ವಯಸ್ಸು ನಲವತ್ತರ ಆಸುಪಾಸು. ಕೈಯಲ್ಲಿ 28 ಲಕ್ಷ ಉಳಿತಾಯ. ಬೆಂಗಳೂರಿನ ಹೊರವಲಯದಲ್ಲಿ ಸೈಟು ಹುಡುಕುತ್ತಾ ನಾಲ್ಕು ವರ್ಷ ಕಳೆದಿದ್ದರು. ಅಡ್ವಾನ್ಸ್ ಕೊಡುವ ಹಿಂದಿನ ರಾತ್ರಿ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಎದ್ದು ಬೇಡ ಅಂದುಬಿಡುತ್ತಾರೆ. ಜೊತೆಗೆ ಬಂದಿದ್ದ ಹೆಂಡತಿ ಹೇಳಿದರು: "ಬೇಡ ಅಂದ ಸೈಟಿಗೆ ಈಗೆಷ್ಟು ರೇಟು ಅಂತ ಬ್ರೋಕರ್‌ಗೆ ಫೋನ್ ಮಾಡಿ ಕೇಳ್ತಾರೆ ಮೇಡಂ. ಏರಿದೆ ಅಂದ್ರೆ ಅವತ್ತು ಊಟ ಸೇರಲ್ಲ."

ಮಾತಿನ ನಡುವೆ ಅವರ ತಂದೆಯ ವಿಷಯ ಬಂತು. ತೊಂಬತ್ತರ ದಶಕದಲ್ಲಿ ತಂದೆ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಮೇಲೆ ಒಂದು ರೆವಿನ್ಯೂ ಸೈಟು, ಅಂದರೆ ಭೂಪರಿವರ್ತನೆ ಆಗದ ಕೃಷಿ ಜಮೀನಿನ ಸೈಟು, ತಗೊಂಡಿದ್ದರು. ಜಮೀನು ಮಾರಿದವರ ಅಕ್ಕತಂಗಿಯರು ಪಾಲು ಕೇಳಿ ಕೋರ್ಟಿಗೆ ಹೋದರು. ಸೈಟೂ ಹೋಯಿತು, ದುಡ್ಡೂ ಹೋಯಿತು. ಆ ಕಾಗದವನ್ನು ತಂದೆ ಸಾಯುವವರೆಗೂ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದರಂತೆ. "ನನಗೂ ಹಾಗೇ ಆಗಿಬಿಟ್ರೆ?" ಎಂದರು ಮೇಷ್ಟ್ರು.

ಇಂಥ ಮನೆಯಲ್ಲಿ ಬೆಳೆದವರಿಗೆ ಧೈರ್ಯ ಮಾಡಿ ಎನ್ನುವುದು ನ್ಯಾಯವಲ್ಲ. ಅವರ ಭಯಕ್ಕೆ ಕಾರಣವಿದೆ. ಆದರೆ ಅದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಸಿಕ್ಕು ಹಾಕಿಕೊಂಡಿದ್ದವು. ಕಾಗದಪತ್ರ ಸರಿ ಇದೆಯಾ? ರೇಟು ಏರುತ್ತಾ? ಮೊದಲನೆಯದನ್ನು ವಿಚಾರಿಸಿ ತಿಳಿಯಬಹುದು. ಎರಡನೆಯದು ಯಾರಿಗೂ ಗೊತ್ತಿಲ್ಲ. ಎರಡಕ್ಕೂ ಗ್ಯಾರಂಟಿ ಬೇಕು ಅಂತ ಕೂತಿದ್ದರಿಂದ ಈ ನಾಲ್ಕು ವರ್ಷದಲ್ಲಿ ಅವರು ಒಂದು ಸೈಟಿನ ದಾಖಲೆಯನ್ನೂ ವಕೀಲರಿಗೆ ತೋರಿಸಿರಲಿಲ್ಲ!

ಹಾಗಾಗಿ ಮೊದಲ ಸಲಹೆ, ಸೈಟು ಇಷ್ಟವಾದರೆ ಅಡ್ವಾನ್ಸ್‌ಗೂ ಮುಂಚೆ ದಾಖಲೆ ವಕೀಲರ ಕೈಗೆ ಹೋಗಲಿ. ಮೂಲ ಪತ್ರ, ಭೂಪರಿವರ್ತನೆ ಆದೇಶ, ಲೇಔಟ್ ಮಂಜೂರಾತಿ, ಮೂವತ್ತು ವರ್ಷದ ಇಸಿ (ಋಣಭಾರ ಪ್ರಮಾಣಪತ್ರ). ಇಸಿಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ. ಅದಕ್ಕೇ ಮಾರುವವರ ವಂಶವೃಕ್ಷವನ್ನೂ ಕೇಳಬೇಕು, ತಂದೆಗೆ ಪೆಟ್ಟು ಬಿದ್ದದ್ದು ಅಲ್ಲೇ ಅಲ್ವಾ? ತೆರಿಗೆ ಕಟ್ಟಲು ಮಾಡಿಸುವ ಖಾತೆ ಇದೆ ಅಂದಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ. ಜಿಪಿಎಯಿಂದಲೂ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾದ ಲೇಔಟ್ ಆದರೆ, ಕರಾರು ನೋಂದಣಿ ಆಗುವ ತನಕ ಒಟ್ಟು ಬೆಲೆಯ 10%ಗಿಂತ ಜಾಸ್ತಿ ಕೇಳುವಂತಿಲ್ಲ. ಇದೆಲ್ಲ ಹೇಳುತ್ತಿದ್ದಾಗ ಅವರು ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ಏನಾದರೂ ಮಾಡಲು ಸಿಕ್ಕಿದ್ದೇ ಅವರಿಗೆ ಅರ್ಧ ಸಮಾಧಾನ.

ರೇಟಿನ ಬಗ್ಗೆ ನಾನು ಕೇಳಿದ್ದು ಒಂದೇ ಪ್ರಶ್ನೆ. "ಎಂಟು ವರ್ಷ ರೇಟು ಏರಲೇ ಇಲ್ಲ ಅಂದುಕೊಳ್ಳಿ. ಮನೆ ನಡೆಯುತ್ತಾ?" ಗಂಡ ಹೆಂಡತಿ ಅಲ್ಲೇ ಲೆಕ್ಕ ಹಾಕಿದರು. ಖಾಲಿ ಸೈಟಿನಿಂದ ಬಾಡಿಗೆ ಬರುವುದಿಲ್ಲ, ಅವಸರಕ್ಕೆ ಮಾರಲೂ ಆಗುವುದಿಲ್ಲ. ಮಗಳ ಕಾಲೇಜಿಗೆ 8 ಲಕ್ಷ, ಆಪತ್ತಿಗೆ ಅಂತ ಆರು ತಿಂಗಳ ಮನೆಖರ್ಚು ತೆಗೆದಿಟ್ಟರೆ ಉಳಿಯುವುದು 17 ಲಕ್ಷ. ಅವರು ನೋಡುತ್ತಿದ್ದದ್ದು 45 ಲಕ್ಷದ ಸೈಟು! ಅವರ ನಿದ್ದೆ ಕೆಡಿಸಿದ್ದರಲ್ಲಿ ಉಳಿದ ಹಣಕ್ಕೆ ಮಾಡಬೇಕಿದ್ದ ಸಾಲದ ಹೊರೆಯೂ ಇತ್ತು, ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಬ್ರೋಕರ್‌ಗಳ ಆ ಹಳೇ ನಂಬರುಗಳನ್ನು ಅಳಿಸಿ ಎಂದೆ. ಅದು ಸುಲಭವಾಗಲಿಲ್ಲ, ಒಂದೆರಡು ಸಲ ಮತ್ತೆ ಫೋನ್ ಮಾಡಿದರಂತೆ.

ಈಗ ಊರಿನ ತಾಲ್ಲೂಕು ಕೇಂದ್ರದಲ್ಲಿ ಚಿಕ್ಕದೊಂದು ಸೈಟು ನೋಡಿದ್ದಾರೆ. ದಾಖಲೆ ವಕೀಲರ ಬಳಿ ಇದೆ. "ಅವರು ಬೇಡ ಅಂದ್ರೆ ಇನ್ನೊಂದು ನೋಡ್ತೀವಿ ಮೇಡಂ" ಎಂದರು.